ರೆಕಾರ್ಡಿನೊಳಗಿನ ಬಾಗಿಲು

ಅವಳು ಕದ ತೆಗೆದಳು. ಅವನು!

ಎರಡು ವರ್ಷದ ಹಿಂದೆ ಅವಳ ಜಾಝ್ ಕಛೇರಿಯನ್ನು ರೆಕಾರ್ಡ್ ಮಾಡಿದವನು. ಆ ಸಂಜೆ ಪಿಯಾನೋ ಮುಂದೆ ಕೂರುವ ಮೊದಲು ಅವಳು, "ಕೊನೇಲಿ ಒಬ್ಬಳೇ ನುಡಿಸ್ತೀನಲ್ಲ, ಅದು ನಿಮಗೆ" ಎಂದಿದ್ದಳು. ಅಷ್ಟು ಹೇಳಲು ಅವಳಿಗೆ ಒಂದಿಡೀ ಚಳಿಗಾಲ ಹಿಡಿದಿತ್ತು.

ಕೊನೆಗೆ ಜೊತೆಯ ಬ್ಯಾಂಡ್ ನುಡಿಸುವುದನ್ನು ನಿಲ್ಲಿಸಿತು. ಅವಳು ಒಬ್ಬಳೇ ನುಡಿಸತೊಡಗಿದಳು. ತಲೆಯೆತ್ತಿ ನೋಡಿದರೆ, ಯಂತ್ರದ ಮುಂದೆ ಅವನ ಕುರ್ಚಿ ಖಾಲಿ! ಹಿಂದೆಯೇ ಬಾಗಿಲು ದಢಾರ್ ಎಂದಿತು.

ಆ ಸದ್ದು ರೆಕಾರ್ಡಿನಲ್ಲೂ ಉಳಿಯಿತು. ವಿಮರ್ಶಕರು ಅದನ್ನು 'ಸಭೆಯ ಜೀವಂತಿಕೆ' ಎಂದು ಹೊಗಳಿದರು. ಅವರಿಗೇನು, ಬಾಗಿಲು ಬಡಿದದ್ದು ಅವರ ಮುಖಕ್ಕಲ್ಲವಲ್ಲ!

ಅವಳು ಮಾತ್ರ ರಜೆಯ ಮಧ್ಯಾಹ್ನಗಳಲ್ಲಿ ಆ ರೆಕಾರ್ಡನ್ನೇ ಹಾಕಿಕೊಂಡು ಕೂರುತ್ತಿದ್ದಳು. "ಇನ್ನೂ ಆ ತಟ್ಟೆ ತಿರುಗಿಸ್ತಾ ಕೂತಿದ್ದೀಯೇನೇ?" ಎಂದು ಅಕ್ಕ ಫೋನಿನಲ್ಲಿ ಗದರುತ್ತಿದ್ದಳು. ಫೋನಿಟ್ಟ ಮೇಲೆ ಮನೆಯಲ್ಲಿ ಮತ್ತೆ ಯಾರ ದನಿಯೂ ಇಲ್ಲ...

"ಕಂಪನಿಯವರು ಆ ರೆಕಾರ್ಡ್ ಮತ್ತೆ ಹೊರತರ್ತಾರಂತೆ," ಅವನು ಹೊಸ್ತಿಲಾಚೆಯೇ ನಿಂತು ಹೇಳಿದ. "ಆ ಬಾಗಿಲಿನ ಸದ್ದು ತೆಗೆದುಬಿಡಲಾ ಅಂತ ಕೇಳೋಕೆ ಬಂದೆ."

"ಫೋನ್ ಮಾಡಬಹುದಿತ್ತು."

"ನೀವು ಎತ್ತಲ್ವಲ್ಲ."

ಅದೂ ನಿಜವೇ.

"ತೆಗೀರಿ. ನೀವು ಎದ್ದುಹೋಗಿದ್ದು ಊರಿಗೆಲ್ಲ ಯಾಕೆ ಕೇಳಿಸ್ಬೇಕು?"

"ಎದ್ದುಹೋಗಿದ್ದಾ? ಅಯ್ಯೋ, ಫ್ರಿಜ್ ಕಣ್ರೀ!"

"ಏನು?"

"ಹಿಂದಿನ ಕೋಣೇಲಿತ್ತಲ್ಲ, ಅದು! ಬ್ಯಾಂಡ್ ನಿಲ್ಲಿಸಿದ ತಕ್ಷಣ ಅದರ ಗೊಂಯ್ ಅನ್ನೋ ಸದ್ದು ಹೆಡ್‌ಫೋನಲ್ಲಿ ಕೇಳಿಸ್ತು. ಓಡಿಹೋಗಿ ಪ್ಲಗ್ ಕಿತ್ತೆ. ಆತುರದಲ್ಲಿ ಬಾಗಿಲು ಕೈತಪ್ಪಿತು. ಮತ್ತೆ ತೆರೆದ್ರೆ ಇನ್ನೊಂದು ಸದ್ದಾಗುತ್ತಲ್ಲ... ಮುಗಿಯೋವರೆಗೂ ಒಳಗೇ ನಿಂತಿದ್ದೆ. ಬಂದು ನೋಡಿದ್ರೆ ನೀವಿಲ್ಲ. ರೆಕಾರ್ಡ್ ಕೆಡಿಸಿದೆ ಅಂತ ಸಿಟ್ಟು ಅಂದ್ಕೊಂಡೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ವರ್ಷದ ಒಂಟಿತನಕ್ಕೆ ಕಾರಣ ಒಂದು ಫ್ರಿಜ್ ಎಂದು ಯಾರ ಮುಂದೆ ಹೇಳಿಕೊಳ್ಳುವುದು!

"ಹಾಗಾದ್ರೆ... ನಾನು ನುಡಿಸಿದ್ದನ್ನ ನೀವು ಕೇಳಲೇ ಇಲ್ವಾ?"

"ಬಾಗಿಲು ಮುಚ್ಚಿದ್ಮೇಲೆ ಒಳಗೆ ಸರಿಯಾಗಿ ಕೇಳಿಸ್ಲಿಲ್ಲ. ಆಮೇಲೆ ಕೇಳಿದೆ, ರೆಕಾರ್ಡಲ್ಲಿ." ಅವನ ದನಿ ಕುಗ್ಗಿತು. "ನನಗೇ ಅಂತ ನುಡಿಸಿದ್ದನ್ನ... ಅಂಗಡೀಲಿ ಕೊಂಡವರ ಹಾಗೆ."

ಅವಳು ಹೋಗಿ ಪಿಯಾನೋದ ಮುಚ್ಚಳ ಎತ್ತಿದಳು.

"ಒಳಗೆ ಬನ್ನಿ."

"ಯಂತ್ರ ಕಾರಲ್ಲಿದೆ. ತರಲಾ?"

"ಬೇಡ. ಇದು ಬೇರೆ ಯಾರಿಗೂ ಸಿಗಬಾರದು. ಕೂತ್ಕೊಳ್ಳಿ... ಮುಗಿಯೋವರೆಗೂ ಏಳಬೇಡಿ."

"ಮುಗಿದ ಮೇಲೆ?"

ಅವಳ ಬೆರಳುಗಳು ಪಿಯಾನೋದ ಕೀಲಿಮಣೆಯ ಮೇಲೆ ಒಂದು ಕ್ಷಣ ತಡೆದವು.

"ಆಗಲೂ."