ಕೆನ್ನೆಯ ತುಂಡು

ಓಣಿಯಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ನಮ್ಮ ಚಿಕ್ಕಮ್ಮನಿಗೆ ಸುದ್ದಿ ಮುಟ್ಟುತ್ತಿತ್ತು. ಅವರ ಹಿಂದೆ ಬಾಲದಂತೆ ನಾನು. ಆ ಬೆಳಿಗ್ಗೆ ಬಂದವಳು ಪಕ್ಕದ ಮನೆಯ ಕಲಾವಿದೆ. ಪತ್ರಿಕೆಯ ತುಂಡುಗಳನ್ನು ಅಂಟಿಸಿ ತನ್ನ ತಾಯಿಯ ದೊಡ್ಡ ಮುಖ ಮಾಡಿದ್ದಳು. ಮರುದಿನವೇ ಪ್ರದರ್ಶನ. ಯಾರೋ ಕೆನ್ನೆಯ ತುಂಡೊಂದನ್ನು ಕಿತ್ತಿದ್ದರು.

"ನಾದಿನಿಯದೇ ಕೆಲಸ. ಮನೆಯೆಲ್ಲ ಅಂಟು ಮಾಡ್ತೀಯ ಅಂತ ನಿನ್ನೆ ತಾನೇ ಜಗಳ ಆಡಿದ್ಲು. ಇವತ್ತೇ ಮನೆ ಬಿಡು ಅಂತ ನಮ್ಮನೆಯವರು ಅಂದುಬಿಟ್ಟಿದ್ದಾರೆ."

ಹೋಗಿ ನೋಡಿದರೆ ನಾದಿನಿ ಅಳುತ್ತ ಸೂಟ್‌ಕೇಸಿಗೆ ಬಟ್ಟೆ ತುರುಕುತ್ತಿದ್ದಳು. ಕಲಾವಿದೆಯ ಅತ್ತೆ ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದರು. ಮಗಳ ಪರ ಒಂದು ಮಾತಾದರೂ ಆಡಬಾರದೇ ಎಂದು ನನಗೆ ಸಿಟ್ಟೇ ಬಂತು.

ಚಿತ್ರವಿದ್ದದ್ದು ಮುನಿಸಿಕೊಂಡು ಮನೆ ಬಿಟ್ಟ ಅತ್ತೆಯ ದೊಡ್ಡ ಮಗನ ಕೋಣೆಯಲ್ಲಿ. ಅವನು ಬಂದ ದಿನ ಬಿಟ್ಟುಕೊಡಬೇಕೆಂಬ ಮಾತಿನ ಮೇಲೆ ಕಲಾವಿದೆಗೆ ಆ ಜಾಗ ಸಿಕ್ಕಿತ್ತು. ಚಿಕ್ಕಮ್ಮ ಕಿತ್ತ ಜಾಗವನ್ನು ಮುಟ್ಟಿದರು. ಅಂಚು ಹರಿದಿರಲಿಲ್ಲ, ನೆನೆದು ಉಬ್ಬಿತ್ತು. ಆಮೇಲೆ ಕತ್ತರಿಸಿ ಉಳಿದ ಕಾಗದಗಳ ಬುಟ್ಟಿ ಕೆದಕಿ, ಅದೇ ಆಕಾರದ ತೂತಿದ್ದ ಹಾಳೆ ತೆಗೆದು ಮೂಸಿದರು. ನನ್ನ ಮೂಗಿಗೂ ಹಿಡಿದರು. ನುಸಿಗುಳಿಗೆಯ ವಾಸನೆ.

"ಇದೆಲ್ಲಿ ಸಿಕ್ತಮ್ಮ?"

"ಅತ್ತೆಯ ಬೀರುವಿಗೆ ಹಾಸಿತ್ತು. ಹೊಸ ಪೇಪರ್ ಹಾಸಿ ಹಳೇದನ್ನ ತಗೊಂಡೆ. ಕೆನ್ನೆಯ ನೆರಳಿಗೆ ಆ ಜಾಹೀರಾತಿನ ಕಪ್ಪು ಸರಿಯಾಗಿತ್ತು."

ಚಿಕ್ಕಮ್ಮ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು.

"ಹೊಟ್ಟೆಕಿಚ್ಚಿನವರು ಕೈಗೆ ಸಿಕ್ಕಿದ್ದನ್ನ ಪರ್ರನೆ ಹರೀತಾರೆ. ಇವರು ಒದ್ದೆ ಬಟ್ಟೆ ಇಟ್ಟು, ಅಂಟು ನೆನೆಯೋವರೆಗೆ ಕಾದು ಬಿಡಿಸಿದ್ದಾರೆ. ಚಿತ್ರ ಕೆಡಿಸೋದಲ್ಲ, ಆ ತುಂಡು ಬೇಕಾಗಿತ್ತು. ಮುಂದೆ ಇದ್ದಿದ್ದು ಬರೀ ಕಪ್ಪು. ಹಾಗಾದ್ರೆ ಬೇಕಾಗಿದ್ದು ಹಿಂಬದಿ."

ಹಾಳೆ ತಿರುಗಿಸಿದರು. ತೂತಿನ ಮೇಲೆ ತಲೆಬರಹ ಉಳಿದಿತ್ತು: 'ಗುರುತು ಸಿಗದ ಶವ'.

"ಬೀರು ಯಾರದೋ, ಅದನ್ನ ಅಲ್ಲಿ ಅಡಗಿಸಿದ್ದೂ ಅವರೇ. ಕಾಣದೆ ಹೋದಾಗ ಹುಡುಕಿದ್ದಾರೆ. ಬುಟ್ಟಿಯಲ್ಲಿ ಈ ತೂತು ಕಂಡ ಮೇಲೆ ತುಂಡು ಎಲ್ಲಿದೆ ಅಂತ ಹೊಳೆದಿದೆ. ಅಲ್ವೇ ಅಮ್ಮಾ?"

ಅತ್ತೆ ಎದ್ದುಹೋಗಿ ದಿಂಬಿನ ಕೆಳಗಿಂದ ತುಂಡನ್ನು ತಂದು ಕಿರಿಯ ಮಗನ, ಕಲಾವಿದೆಯ ಗಂಡನ, ಕೈಗಿಟ್ಟರು. ಅದರಲ್ಲೊಂದು ಗಂಡಸಿನ ಮುಖ. ಅರ್ಧ ಅಳಿಸಿತ್ತು.

"ಅಣ್ಣನಾ?" ಎಂದ ಅವನು. ಅಷ್ಟು ದೊಡ್ಡ ಆಳು ನೆಲಕ್ಕೆ ಕುಸಿದು ಕುಳಿತ.

ನಾದಿನಿ ತಾಯಿಯ ಮುಂದೆ ಬಂದು ನಿಂತಳು. "ನನ್ನನ್ನ ಮನೆಯಿಂದ ಕಳಿಸ್ತಿದ್ರೂ ಬಾಯಿ ಬಿಡಲಿಲ್ಲವಲ್ಲಮ್ಮ."

"ನೀನು ಹೋದ್ರೆ ಎಲ್ಲೋ ಇರ್ತಿದ್ದೆ ಕಣೆ," ಎಂದರು ಅತ್ತೆ. "ನಾನು ಬಾಯಿ ಬಿಟ್ಟಿದ್ರೆ ದೊಡ್ಡವನು ಸತ್ತೇ ಹೋಗ್ತಿದ್ದ."