ವಾರ್ಡಿನ ಎರಡನೇ ಕಂಪ್ಯೂಟರ್

ಹೆಂಡತಿ ಶ್ರೀವಾಣಿ ಹೆರಿಗೆಯಲ್ಲಿ ತೀರಿಕೊಂಡ ದಿನ ಡಾಕ್ಟರ್ ಅಭಿಜ್ಞಾ ಆಡಿದ ಮಾತನ್ನು ಸುಹಾಸ ಮರೆತಿರಲಿಲ್ಲ. "ಎಂತ ಮಾಡ್ಲಿ ಸುಹಾಸಣ್ಣ, ಎನ್ನ ಕೈಯಲ್ಲಿ ಎಂತೂ ಇತ್ತಿಲ್ಲೆ." ವಿಚಾರಣೆಯಲ್ಲಿ ಅವಳ ತಪ್ಪಿಲ್ಲವೆಂದಾಯಿತು. ಅವಳು ವಾರ್ಡಿಗೆ ಮರಳಿದಳು. ಶಿರಸಿಯ ಅದೇ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಅವನೂ ತನ್ನ ಕೋಣೆಗೆ ಮರಳಿದ. ಎದುರಾದರೆ ನಗುತ್ತಿದ್ದ. ಅವಳ ಕೈಯಿಂದಲೇ ಒಂದು ಸಾವಾಗಬೇಕು, ತಪ್ಪು ಅವಳದೇ ಎಂದು ಊರೆಲ್ಲ ಹೇಳಬೇಕು. ಅಷ್ಟು ಸಾಕಿತ್ತು.

ಬನವಾಸಿಯ ಚಂದ್ರಶೇಖರಪ್ಪ ಜ್ವರ, ಉಬ್ಬಸವೆಂದು ದಾಖಲಾದಾಗ ದಾರಿ ಕಂಡಿತು. ಮುದುಕನಿಗೆ ಪೆನಿಸಿಲಿನ್ ಆಗದು, ಕೊಟ್ಟರೆ ಪ್ರಾಣಕ್ಕೇ ಕುತ್ತು. ಅಭಿಜ್ಞಾಳೇ ದಾಖಲೆಯಲ್ಲಿ ಕೆಂಪಕ್ಷರದ ಎಚ್ಚರಿಕೆ ಹಾಕಿದ್ದಳು. ಅದನ್ನು ಅಳಿಸಿ, ಆ ಮದ್ದನ್ನೇ ಬರೆದರೆ ಆಯಿತು. ಅವಳ ಪಾಸ್‌ವರ್ಡ್ ಅವನಿಗೆ ಗೊತ್ತಿತ್ತು. ಆದರೆ ಬರೆದದ್ದು ವಾರ್ಡಿನ ಕಂಪ್ಯೂಟರಿನಿಂದಲೇ ಎಂದು ಕಾಣಬೇಕು.

ಆಸ್ಪತ್ರೆಯ ಲಿನಕ್ಸ್ ಸರ್ವರಿನೊಳಗೆ ಅವನು ಬರೀ ತಂತ್ರಾಂಶದಿಂದಾದ ಒಂದು ವರ್ಚುವಲ್ ಕಂಪ್ಯೂಟರ್ ಎಬ್ಬಿಸಿದ. ಹಾಗೇ ಬಿಟ್ಟರೆ ಅದು ಸರ್ವರಿನ ಬೆನ್ನ ಹಿಂದೆಯೇ ಇರುತ್ತದೆ. ಹೊರಗೆ ಕಾಣುವುದು ಸರ್ವರಿನ ವಿಳಾಸ. ಅದಕ್ಕೇ ಎರಡನ್ನೂ ನೆಟ್‌ವರ್ಕಿನ ಒಂದೇ ಸಾಲಿಗೆ ತರುವ ಬ್ರಿಡ್ಜ್ ಕಟ್ಟಿದ. ನೆಟ್‌ವರ್ಕ್ ಕಾರ್ಡಿನ ವಿಳಾಸವನ್ನು ಬ್ರಿಡ್ಜಿಗೆ ವರ್ಗಾಯಿಸಿ, ಕಾರ್ಡನ್ನೂ ವರ್ಚುವಲ್ ಕಂಪ್ಯೂಟರನ್ನೂ ಅದಕ್ಕೆ ಸೇರಿಸಿದ. ಒಂದು ಗಳಿಗೆ ಇಡೀ ಆಸ್ಪತ್ರೆಯ ಸಂಪರ್ಕ ತಪ್ಪಿತು.

"ನೆಟ್ ಹೋತಲ ಮಾರಾಯ!" ಔಷಧ ಕೊಡುವ ಶಶಾಂಕ ಕೂಗಿದ.

"ಬಂತು, ಬಂತು."

ಈಗ ಆ ಯಂತ್ರಕ್ಕೆ ನೆಟ್‌ವರ್ಕಿನಲ್ಲಿ ತನ್ನದೇ ಜಾಗವಿತ್ತು. ವಾರ್ಡಿನ ಕಂಪ್ಯೂಟರಿನ ಹೆಸರು, ವಿಳಾಸ, ಕಾರ್ಡಿನ ಗುರುತು ಎಲ್ಲವನ್ನೂ ಅದಕ್ಕೆ ತೊಡಿಸಿ ಕಾದ. ಒಂದೇ ಗುರುತಿನ ಎರಡು ಯಂತ್ರಗಳು ಒಟ್ಟಿಗೆ ಎಚ್ಚರವಿದ್ದರೆ ಗೊಂದಲವಾದೀತು. ಮರುದಿನ ಬೆಳಿಗ್ಗೆ ವಾರ್ಡಿನ ಕಂಪ್ಯೂಟರ್ ತಾನಾಗಿಯೇ ಸುಮ್ಮನಾಯಿತು. ಅಭಿಜ್ಞಾ ರೋಗಿಗಳನ್ನು ನೋಡಿ ಮುಗಿಸಿ ಆರಿಸಿರಬೇಕು. ನಡುವೆ ಮತ್ತೆ ಹಚ್ಚಿರಲಿಲ್ಲ ಎಂದು ಯಾರು ಆಣೆ ಹಾಕಿಯಾರು?

ಅವನು ಎಚ್ಚರಿಕೆ ಅಳಿಸಿದ. ಮದ್ದು ಬರೆದ. ಆಮೇಲೆ ವರ್ಚುವಲ್ ಕಂಪ್ಯೂಟರನ್ನು ಕಿತ್ತುಹಾಕಿ, ಯಾವ ತಂತಿಯಿಂದ ಬಂತೆಂಬ, ತಂತಿಗಳನ್ನೆಲ್ಲ ಕೂಡಿಸುವ ನೆಟ್‌ವರ್ಕ್ ಸ್ವಿಚ್ಚಿನ ನೆನಪನ್ನೂ ಒರೆಸಿದ.

ಶಶಾಂಕ ಪರದೆ ನೋಡಿ ಮದ್ದು ಕಳಿಸಿದ. ಸೂಜಿ ಚುಚ್ಚಿ ಸ್ವಲ್ಪ ಹೊತ್ತಿನಲ್ಲೇ ಮೇಲಿನ ವಾರ್ಡಿನಿಂದ ಮುದುಕನ ಮಗಳು ಶಿವರಂಜನಿಯ ಕೂಗು ಕೇಳಿತು. "ಅಪ್ಪಾಜಿ, ಕಣ್ ಬಿಡ್ರಿ!" ಸುಹಾಸ ಕಿಟಕಿ ಮುಚ್ಚಿದ.

ಇನ್‌ಸ್ಪೆಕ್ಟರ್ ಜಟ್ಟಪ್ಪ ಬಂದಾಗ ದಾಖಲೆಯ ಜಾಡನ್ನು ಅವನೇ ತೋರಿಸಿದ. ಅಭಿಜ್ಞಾ ಗೋಡೆಗೊರಗಿ ನಿಂತಿದ್ದಳು. "ಆನು ಬರದ್ದಿಲ್ಲೆ ಸುಹಾಸಣ್ಣ," ಎಂದಳು. ಅವನು ಅವಳತ್ತ ನೋಡಲಿಲ್ಲ.

"ವಾರ್ಡಿನ ಕಂಪ್ಯೂಟರಿಂದಲೇ ಬರದಾರಂತ ಖಾತ್ರಿ ಏನ್ರಿ?" ಜಟ್ಟಪ್ಪ ಕೇಳಿದ.

"ಖಾತ್ರಿ ಸರ್. ಸುಳ್ಳು ಗುರುತು ಕೊಡೋದಕ್ಕೆ ಸರ್ವರ್ ಕೈಯಲ್ಲಿರಬೇಕು. ಅದರ ಬೀಗದ ಕೈ ನನ್ನ ಹತ್ರ ಮಾತ್ರ ಇರೋದು."

ಬಾಗಿಲಲ್ಲಿ ನಿಂತಿದ್ದ ನರ್ಸ್ ಹೊನ್ನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ಕಂಪ್ಯೂಟರಿಂದ ಹ್ಯಾಂಗ್ ಬರೀತಾರೆ ಸರ್? ಬೆಳಿಗ್ಗೆ ಅಜ್ಜರಿಗೆ ಉಸಿರು ಕಟ್ತಿತ್ತು, ನೆಬ್ಯುಲೈಸರ್ ಹಾಕೋಕೆ ಬೇರೆ ಪ್ಲಗ್ ಇರ್ಲಿಲ್ಲ. ಕಂಪ್ಯೂಟರಿಂದು ನಾನೇ ಕಿತ್ತೆ. ಬಂದು ನೋಡಿ, ಅದರ ವೈರು ಇನ್ನೂ ನೆಲದ ಮೇಲೇ ಬಿದ್ದಿದೆ."