ಸರ್ವರ್ ರೂಮಿನ ಟಿಕ್ ಟಿಕ್

"ಇವತ್ತು ಯಾರಿಗೂ ಪಹಣಿ ಸಿಗೋದಿಲ್ಲ. ದಯವಿಟ್ಟು ಸೋಮವಾರ ಬನ್ನಿ," ಅಂದಳು ನಿಖತ್.

ತಾಲ್ಲೂಕು ಕಚೇರಿಯ ಜಗಲಿಯ ತುಂಬ ಜನ ಸಾಲಾಗಿ ನಿಂತಿದ್ದರು. ಅದನ್ನು ಕೇಳಿ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು.

ಮೆಹರೀನ್ ಸ್ಕೂಲ್ ಬ್ಯಾಗನ್ನು ಎದೆಗೆ ಅವಚಿಕೊಂಡು ಕಂಬದ ಪಕ್ಕಕ್ಕೆ ಸರಿದಳು. ಶನಿವಾರ ಬೆಳಗಿನ ಸ್ಕೂಲು. ಅದು ಮುಗಿದ ಮೇಲೆ ಇಲ್ಲಿಗೆ ಬಂದು, ಖಾಲಾ ಜೊತೆ ಮನೆಗೆ ಹೋಗುವುದು ಅವಳ ರೂಢಿ. ಖಾಲಾ ಅಂದರೆ ಅಮ್ಮನ ತಂಗಿ ನಿಖತ್. ಅವಳು ತುಮಕೂರಿನಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿದ್ದಳು. ಯಾರ ಜಮೀನು ಎಷ್ಟು, ಅದರಲ್ಲಿ ಏನು ಬೆಳೆ ಎಂದು ಹೇಳುವ ಪಹಣಿಗಳೆಲ್ಲ ಕಂಪ್ಯೂಟರಿಗೆ ಬಂದ ವರ್ಷವೇ ಅವಳಿಗೆ ಇಲ್ಲಿ ಕೆಲಸ ಸಿಕ್ಕಿತ್ತು. ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು, ಕೆಟ್ಟರೆ ಸರಿಮಾಡುವುದು ಅವಳ ಕೆಲಸ.

"ನಮ್ಮ ಖಾಲಾ ಎಂಥ ಕಂಪ್ಯೂಟರ್ ಆದ್ರೂ ರಿಪೇರಿ ಮಾಡ್ತಾಳೆ," ಎಂದು ಮೆಹರೀನ್ ಐದನೇ ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿದ್ದಳು. ಅದನ್ನು ಹೆಚ್ಚು ಸಲ ಕೇಳಿದವಳು ಅವಳ ಬೆಂಚಿನ ಕೃತಿಕಾ. ಆ ಕೃತಿಕಾಳೇ ಈಗ ತನ್ನ ತಾತ ಕರಿಯಪ್ಪನ ಜೊತೆ ಸಾಲಿನಲ್ಲಿ ನಿಂತಿದ್ದಳು.

"ಏನವ್ವಾ, ಬೆಳಗ್ಗಿಂದ ನಿಂತಿವ್ನಿ," ಅಂದ ಕರಿಯಪ್ಪ. "ಹೊಸ ಬೋರಿಗೆ ಕರೆಂಟ್ ಕೊಡಕ್ಕೆ ಪಹಣಿ ಕೇಳ್ತಾವ್ರೆ. ತೆಂಗಿನ ಸಸಿ ಇಕ್ಕಿವ್ನಿ. ಬಿಂದಿಗೇಲಿ ನೀರು ಹೊತ್ತೂ ಹೊತ್ತೂ ನಮ್ ಸೊಸೆ ಸೊಂಟ ಬಿದ್ದೋಯ್ತು."

"ನನಗೆ ಅರ್ಥ ಆಗುತ್ತೆ ತಾತ. ಆದ್ರೆ ಮಿಷನ್ ಕೈಕೊಡೋ ಹಾಗಿದೆ. ನಡೆಸಿದ್ರೆ ಒಳಗಿರೋದೆಲ್ಲ ಹೋಗಿಬಿಡಬಹುದು."

"ನಿನ್ನೆ ನಡೀತಿತ್ತಂತಲ್ಲ. ಒಸಿ ಎಣ್ಣೆಗಿಣ್ಣೆ ಬುಟ್ರೆ ಸರಿ ಹೋಗಕಿಲ್ವಾ?"

ಹಿಂದೆ ನಿಂತಿದ್ದವರು ನಕ್ಕರು. ನಿಖತ್ ನಗಲಿಲ್ಲ.

ಗದ್ದಲ ಕೇಳಿ ಒಳಗಿನಿಂದ ಶಿರಸ್ತೇದಾರ್ ಶ್ರೀರಂಗಯ್ಯ ಬಂದರು. ಆ ಕಚೇರಿಯಲ್ಲಿ ಅವರ ಮಾತೆಂದರೆ ಎಲ್ಲರೂ ಕೇಳುತ್ತಿದ್ದರು.

"ನಿಖತ್, ಕಂಪ್ಯೂಟರ್ ಈಗ್ಲೂ ಓಡ್ತಾ ಇದೆಯಲ್ಲಮ್ಮ. ಇಷ್ಟು ಜನಕ್ಕೆ ಕೊಟ್ಟು ಕಳಿಸಿ ಆಮೇಲೆ ನೋಡಿಕೊಂಡ್ರಾಗಲ್ವಾ?"

"ಬೇಡ ಸರ್. ಈಗಲೇ ನಿಲ್ಲಿಸಬೇಕು."

"ಹೋಗೇ ಹೋಗುತ್ತೆ ಅಂತ ಗ್ಯಾರಂಟಿನಾ?"

"ಗ್ಯಾರಂಟಿ ಇಲ್ಲ ಸರ್. ಆದ್ರೂ ನಿಲ್ಲಿಸಬೇಕು."

ಶ್ರೀರಂಗಯ್ಯ ಕನ್ನಡಕ ತೆಗೆದು ಜನರನ್ನೂ ನೋಡಿದರು, ನಿಖತ್‌ಳನ್ನೂ ನೋಡಿದರು. "ಸರಿ, ನಿಲ್ಸು. ಜನಕ್ಕೆ ನಾನು ಹೇಳ್ತೀನಿ," ಅಂದರು.

ಜನ ಬೈದುಕೊಳ್ಳುತ್ತಾ ಮೆಟ್ಟಿಲಿಳಿದರು. ಕೃತಿಕಾ ಕಂಬದ ಹತ್ತಿರ ನಿಂತಳು.

"ನಿಮ್ಮ ಖಾಲಾಗೆ ರಿಪೇರಿ ಬರಲ್ಲ ಅಲ್ವೇನೇ? ಸುಮ್ನೆ ಹೇಳ್ಕೊಂಡು ಓಡಾಡ್ತಿದ್ದೆ ನೀನು."

"ಬರುತ್ತೆ ಕಣೇ."

"ಮತ್ತೆ ಮಾಡ್ಲಿ. ನಮ್ಮಮ್ಮ ನಾಳೇನೂ ನೀರು ಹೊರಬೇಕು."

ಕೃತಿಕಾ ತಾತನ ಹಿಂದೆ ಓಡಿಹೋದಳು.

ಸರ್ವರ್ ರೂಮು ಕಚೇರಿಯ ಕೊನೆಯಲ್ಲಿತ್ತು. ಹೊರಗೆ ಚಪ್ಪಲಿ ಬಿಟ್ಟು ಮೆಹರೀನ್ ಒಳಗೆ ಬಂದಾಗ ಖಾಲಾ ನೆಲದ ಮೇಲೆ ಕೂತು, ಒಂದು ದೊಡ್ಡ ಕರಿ ಡಬ್ಬದ ಬಾಗಿಲು ಬಿಚ್ಚುತ್ತಿದ್ದಳು. ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಮೊಣಕೈವರೆಗೂ ಧೂಳು.

"ಎಲ್ಲರ ಎದುರಿಗೆ ಆಗಲ್ಲ ಅಂದುಬಿಟ್ಟೆಯಲ್ಲ ಖಾಲಾ," ಅಂದಳು ಮೆಹರೀನ್. "ಕೃತಿಕಾ ನಿನಗೆ ಏನೂ ಬರಲ್ಲ ಅಂದ್ಲು."

ಖಾಲಾ ಡಬ್ಬದ ಕಡೆ ಕೈ ತೋರಿಸಿದಳು. "ಇಲ್ಲಿ ಕಿವಿ ಇಟ್ಟು ಕೇಳು," ಅಂದಳು.

ಮೆಹರೀನ್ ಬಗ್ಗಿದಳು. ಫ್ಯಾನಿನ ಸದ್ದಿನ ಕೆಳಗೆ ಇನ್ನೊಂದು ಸದ್ದಿತ್ತು. ಟಿಕ್. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಟಿಕ್, ಟಿಕ್.

"ಅಟ್ಟದ ಮೇಲೆ ಒಣಗಿದ ಕಾಯಿ ಅಲ್ಲಾಡಿಸಿದ್ರೆ ಕೊಬ್ಬರಿ ಸದ್ದು ಮಾಡುತ್ತಲ್ಲ, ಹಾಗಿದೆ," ಅಂದಳು.

"ಹೂಂ. ಆದ್ರೆ ಇದರೊಳಗೆ ಸದ್ದು ಬರಬಾರದು. ಇದು ಹಾರ್ಡ್ ಡಿಸ್ಕ್. ತಾಲ್ಲೂಕಿನ ಎಲ್ಲರ ಪಹಣಿಯೂ ಇದರೊಳಗೇ ಇದೆ. ದಿನಾ ಸಂಜೆ ಹಳೇ ಕಾಪಿ ಅಳಿಸಿ ಹೊಸ ಕಾಪಿ ತೆಗೀತೀವಿ. ನಿನ್ನೆ ಕರೆಂಟ್ ಹೋಗಿ ಅದು ಅರ್ಧಕ್ಕೇ ನಿಂತಿತ್ತು."

ಬೀರುವಿನಲ್ಲಿದ್ದ ಹೊಸ ಡಿಸ್ಕನ್ನು ಖಾಲಾ ಕವರಿನಿಂದ ತೆಗೆದು ಪಕ್ಕದಲ್ಲಿಟ್ಟು, ವೈರು ಜೋಡಿಸಿದಳು. ಕೀಬೋರ್ಡಿನಲ್ಲಿ ಏನೋ ಟೈಪ್ ಮಾಡಿದಳು. ಹಳೆಯ ಡಿಸ್ಕಿನಲ್ಲಿದ್ದದ್ದು ಹೊಸದಕ್ಕೆ ಹೋಗತೊಡಗಿತು. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಇರುವೆಯ ಹಾಗೆ ಮುಂದಕ್ಕೆ ತೆವಳುತ್ತಿತ್ತು.

"ಇಷ್ಟು ನಿಧಾನಾನಾ?"

"ಜೋರು ಮಾಡಿದ್ರೆ ಅದು ತಡ್ಕೊಳ್ಳಲ್ಲ."

"ಪೂರ್ತಿ ಬರುತ್ತಾ?"

"ಗೊತ್ತಿಲ್ಲ ಬೇಟಾ."

ಖಾಲಾ ಹಾಗೆ ಅಂದದ್ದನ್ನು ಮೆಹರೀನ್ ಮೊದಲು ಕೇಳಿರಲಿಲ್ಲ. ಅವಳು ಖಾಲಾಳ ಮುಖ ನೋಡಿದಳು. "ನಿನಗೆ ಹೆದರಿಕೆ ಆಗ್ತಿದೆಯಾ?"

"ಹೂಂ," ಅಂದಳು ಖಾಲಾ, ಪರದೆಯಿಂದ ಕಣ್ಣು ತೆಗೆಯದೆ.

ಮಧ್ಯಾಹ್ನವಾಯಿತು. ಖಾಲಾಳ ಊಟದ ಡಬ್ಬಿ ಮುಚ್ಚಿದ ಹಾಗೆಯೇ ಇತ್ತು. ಮೆಹರೀನ್ ತನ್ನ ಡಬ್ಬಿಯ ಚಪಾತಿ ತಿಂದಳು, ಹೋಂವರ್ಕ್ ಮುಗಿಸಿದಳು. ಶ್ರೀರಂಗಯ್ಯ ಆಗಾಗ ಬಾಗಿಲಲ್ಲಿ ತಲೆ ಹಾಕಿ, "ಏನಮ್ಮಾ?" ಅನ್ನುತ್ತಿದ್ದರು. ಖಾಲಾ "ಇನ್ನೂ ಇದೆ ಸರ್," ಅನ್ನುತ್ತಿದ್ದಳು. ಒಮ್ಮೆ ಪಟ್ಟಿ ನಿಂತೇಬಿಟ್ಟಿತು. ಟಿಕ್ ಟಿಕ್ ಸದ್ದು ಜೋರಾಯಿತು. ಖಾಲಾ ಡಬ್ಬದ ಮೇಲೆ ಕೈಯಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಮುಟ್ಟಿ ನೋಡಿದಳು. ಟೇಬಲ್ ಫ್ಯಾನ್ ಎಳೆದು ತಂದು ಅದರ ಮುಂದಿಟ್ಟಳು. ಬಹಳ ಹೊತ್ತಿನ ಮೇಲೆ ಪಟ್ಟಿ ಮತ್ತೆ ಅಲ್ಲಾಡಿತು.

ಕಿಟಕಿಯ ಬಿಸಿಲು ಗೋಡೆಯ ಮೇಲಕ್ಕೆ ಹತ್ತಿದ ಹೊತ್ತಿಗೆ ಪಟ್ಟಿ ತುಂಬಿತು. ಖಾಲಾ ಒಂದೊಂದೇ ಊರಿನ ಹೆಸರು ತೆಗೆದು ಪರೀಕ್ಷೆ ಮಾಡಿದಳು. ಎಲ್ಲ ಊರೂ ಇದ್ದವು. ಆಪರೇಟರ್ ಯಾರೋ ಹಾಕಿಕೊಂಡಿದ್ದ ಇಸ್ಪೀಟು ಆಟ ಮಾತ್ರ ಬಂದಿರಲಿಲ್ಲ.

"ಅದು ಹೋದ್ರೆ ಹೋಗ್ಲಿ," ಅಂದರು ಶ್ರೀರಂಗಯ್ಯ. ಬೆಳಗಿನಿಂದ ಅವರು ಮೊದಲ ಸಲ ನಕ್ಕದ್ದು.

ಅವರು ಹೋದ ಮೇಲೆ ಖಾಲಾ ಹಳೆಯ ಡಿಸ್ಕನ್ನು ಆಫ್ ಮಾಡಿ ಇನ್ನೊಮ್ಮೆ ಆನ್ ಮಾಡಿದಳು. ಟಿಕ್ ಅಂದಿತು. ಮತ್ತೆ ಏನೂ ಅನ್ನಲಿಲ್ಲ. ಎಷ್ಟು ಸಲ ಮಾಡಿದರೂ ಅಷ್ಟೆ.

"ಹೋಯ್ತು," ಅಂದಳು ಖಾಲಾ. ಗೋಡೆಗೊರಗಿ ಕಾಲು ಚಾಚಿ ಕೂತಳು. ಆಮೇಲೆ ಊಟದ ಡಬ್ಬಿ ತೆರೆದು, ತಣ್ಣಗಾದ ಚಪಾತಿಯನ್ನು ಧೂಳಿನ ಕೈಯಲ್ಲೇ ತಿಂದಳು. ಕೈ ತೊಳೆಯಬೇಕು ಎಂದು ಮೆಹರೀನ್ ನೆನಪಿಸಲಿಲ್ಲ.

ಮಂಗಳವಾರ ಕ್ಲಾಸಿನಲ್ಲಿ ಕೃತಿಕಾ ಎಂದಿನ ಹಾಗೆ ಬಂದು ಪಕ್ಕದಲ್ಲಿ ಕೂತಳು.

"ನಿನ್ನೆ ತಾತಂಗೆ ಪಹಣಿ ಸಿಕ್ತು ಕಣೇ. ಹೋದ ತಕ್ಷಣ ಕೊಟ್ರಂತೆ. ಶನಿವಾರ ಕೆಟ್ಟಿದ್ದು ತಾನಾಗೇ ಸರಿ ಹೋಗಿತ್ತಂತೆ."

"ತಾನಾಗೇ ಅಲ್ಲ ಕಣೇ," ಅಂದಳು ಮೆಹರೀನ್. ಟಿಕ್ ಟಿಕ್ ಸದ್ದು, ನೀಲಿ ಪಟ್ಟಿ, ಕೊನೆಗೆ ಹಳೆಯ ಡಿಸ್ಕ್ ಹೋಗಿಯೇಬಿಟ್ಟದ್ದು, ಎಲ್ಲ ಹೇಳಿದಳು.

ಕೃತಿಕಾ ಪೆನ್ಸಿಲ್ ಚೂಪು ಮಾಡುತ್ತಾ ಕೇಳಿದಳು. "ಅಂದ್ರೆ ನಮ್ಮದು ಏನೂ ಹೋಗಿಲ್ಲ ತಾನೇ?"

"ಇಲ್ಲ. ಯಾರದ್ದೂ ಹೋಗಿಲ್ಲ."

"ಮತ್ತೇನು ಬುಡು," ಅಂದಳು ಕೃತಿಕಾ. ತನ್ನ ರಬ್ಬರನ್ನು ಮೆಹರೀನ್ ಕಡೆಗೆ ಸರಿಸಿ, "ಮೋಟರ್ ಹಾಕೋ ದಿನ ನೀನೂ ನಮ್ಮೂರಿಗೆ ಬಾ. ಪೈಪ್ ಮುಂದೆ ನಿಂತ್ಕೊಂಡ್ರೆ ಮಜಾ ಇರುತ್ತೆ," ಅಂದಳು.

ಮೆಹರೀನ್‌ಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದಳು. ಕೃತಿಕಾಳ ತಾತ ಬಂದ, ಕಾಗದ ತಗೊಂಡ, ಬಸ್ಸು ಹತ್ತಿ ಊರಿಗೆ ಹೋದ. ಸಾಲಿನಲ್ಲಿದ್ದ ಉಳಿದವರೂ ಏನೂ ಆಗೇ ಇಲ್ಲವೆಂಬ ಹಾಗೆ ಹೋಗಿರಬೇಕು. ಖಾಲಾ ಇಡೀ ದಿನ ಕೂತದ್ದೂ ಅದಕ್ಕೇ. ಅವಳು ರಬ್ಬರ್ ತಗೊಂಡಳು.

ಆ ಸಂಜೆ ಖಾಲಾ ಮನೆಗೆ ಬಂದು ಚಪ್ಪಲಿ ಬಿಡುವಾಗ, ಅಮ್ಮಿ ಶಾಹಿದಾ ಬೇಗಂ ಒಳಗಿನಿಂದ ಕೇಳಿದಳು.

"ಏನೇ, ಇವತ್ತು ಆಫೀಸಲ್ಲಿ ಏನಾಯ್ತು?"

"ಏನೂ ಆಗ್ಲಿಲ್ಲ ಆಪಾ," ಅಂದಳು ಖಾಲಾ.

ಮೆಹರೀನ್ ಪುಸ್ತಕದಿಂದ ತಲೆಯೆತ್ತಿದಳು. ಖಾಲಾಳ ಮುಖದಲ್ಲಿ ಸಣ್ಣ ನಗು ಇತ್ತು. ಮೆಹರೀನ್ ಕೂಡ ನಕ್ಕಳು.

"ಏನೂ ಆಗದೇ ಇದ್ದಿದ್ದಕ್ಕೆ ಇಬ್ಬರೂ ಯಾಕೆ ನಗ್ತೀರಾ?" ಅಂದಳು ಅಮ್ಮಿ.

ಮೆಹರೀನ್ ಎದ್ದು, ಖಾಲಾಗೆ ಚಾ ಸೋಸಿಕೊಡಲು ಒಳಗೆ ಹೋದಳು.